ಕಾಕು ನೆಲಕ್ಕೆ ಹೊಡೆಯುತ್ತಿದ್ದರು

ಚರ್ಚಾಸ್ಪರ್ಧೆಯಲ್ಲಿ ನನಗೆ ಪರವೂ ಒಂದೇ, ವಿರೋಧವೂ ಒಂದೇ. ಕಾಲೇಜಿನಲ್ಲಿದ್ದಾಗ ಬೆಳಿಗ್ಗೆ ಒಂದು ವಿಷಯದ ಪರವಾಗಿ, ಮಧ್ಯಾಹ್ನ ಇನ್ನೊಂದು ವೇದಿಕೆಯಲ್ಲಿ ಅದೇ ವಿಷಯದ ವಿರೋಧವಾಗಿ ಮಾತಾಡಿ ಎರಡೂ ಕಡೆ ಕಪ್ ಗೆದ್ದು ತಂದವನು ನಾನು. ಆದರೆ ಹೆದರಿಕೆಯ ಪರವಾಗಿ ಮಾತಾಡು ಎಂದು ಯಾವ ತೀರ್ಪುಗಾರರೂ ನನಗೆ ಹೇಳಿರಲಿಲ್ಲ. ಹೇಳಿದ್ದರೆ ಅಲ್ಲಿ ಸೋಲುತ್ತಿದ್ದೆ. ಬುದ್ಧಿ ರಜೆ ಹಾಕಿದಾಗ ಅದರ ಕುರ್ಚಿಯಲ್ಲಿ ಬಂದು ಕೂರುವ ಬದಲಿ ನೌಕರನೇ ಹೆದರಿಕೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ತಾರ್ನಾಕದ ಆ ಬಾಡಿಗೆ ಮನೆಗೆ ಹೋಗುವವರೆಗೆ, ಅಂದರೆ ಕಾಕುವನ್ನು ನೋಡುವವರೆಗೆ.

ಅವರ ಹೆಸರು ಬರೆಯುವುದಿಲ್ಲ. "ಪೇಪರಿನ್ಯಾಗ ನಮ್ಮಂಥಾ ಹೆಂಗಸರ ಹೆಸರ ಬರೂದು ಮನಿ ಕಳುವಾದಾಗ, ಇಲ್ಲಾ ಸತ್ತಾಗ. ನನಗ ಎರಡೂ ಬ್ಯಾಡ" ಎಂದು ಒಮ್ಮೆ ಹೇಳಿದ್ದರು. ಬೀದಿಯವರಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ; ಅವರ ಗಂಡ ಕಾಕಾ. ಕಾಕಾ ರಕ್ಷಣಾ ಇಲಾಖೆಯ ಒಂದು ಘಟಕದಲ್ಲಿ ಕೆಲಸದಲ್ಲಿದ್ದರು. ಊರು ಕಲಬುರಗಿಯ ಕಡೆ, ಶಹಾಬಾದಿನ ಹತ್ತಿರ. ಮಗ ಸನತ್‌ನಗರದ ಕಾರ್ಖಾನೆಯೊಂದರಲ್ಲಿದ್ದ. ಭಾನುವಾರ ಹೆಂಡತಿ ಮಕ್ಕಳ ಜೊತೆ ಬರುತ್ತಿದ್ದ. ಕೆಳಗಿನ ಮನೆ ಅವರದು, ಮೇಲಿನದು ನಮ್ಮದು. ಗೇಟು, ಅಂಗಳ, ಮೆಟ್ಟಿಲು ಇಬ್ಬರಿಗೂ ಸೇರಿದ್ದವು.

ಆಗ ಊರೆಲ್ಲ ಹೈಟೆಕ್ ಸಿಟಿಯ ಕಡೆಗೆ ಓಡುತ್ತಿತ್ತು. ನನ್ನ ಹೆಂಡತಿ ಶುಭಾಳನ್ನು ಬೆಳಿಗ್ಗೆ ಕಂಪನಿಯ ಕ್ಯಾಬು ಬಂದು ಎತ್ತಿಕೊಂಡು ಹೋಗುತ್ತಿತ್ತು. ಕತ್ತಲಾದ ಮೇಲೆ ತಂದು ಬಿಡುತ್ತಿತ್ತು. ನಾನು ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಬ್ಯಾಂಕ್ ಪರೀಕ್ಷೆಯ ಹುಡುಗರಿಗೆ ರೀಸನಿಂಗ್ ಹೇಳಿಕೊಡುತ್ತಿದ್ದೆ. 'ಎಲ್ಲ ಬೆಕ್ಕುಗಳೂ ನಾಯಿಗಳು, ಕೆಲವು ನಾಯಿಗಳು ಕುರ್ಚಿಗಳು, ಹಾಗಾದರೆ ಕೆಲವು ಬೆಕ್ಕುಗಳು ಕುರ್ಚಿಗಳೇ?' ಇಂಥವು. ಮುಂಜಾನೆಯ ಬ್ಯಾಚು, ಸಂಜೆಯ ಬ್ಯಾಚು. ನಡುವಿನ ಹಗಲೆಲ್ಲ ಮೂರು ವರ್ಷದ ಮಗಳು ಇಂಚರ ನನ್ನ ಪಾಲಿಗೆ. ಸಂಜೆ ನಾನು ಹೊರಟರೆ ಅವಳು ಕಾಕುವಿನ ಪಾಲಿಗೆ.

"ಏನ್ರಿ ಮಾಸ್ತರ, ಹೆಂಡ್ತಿ ಕಂಪ್ನಿಗೆ, ಗಂಡ ಕುಕ್ಕರಿಗೆ?" ಅದು ಕಾಕು ನನಗೆ ಹೇಳಿದ ಮೊದಲ ಮಾತು. ನಾನು ಸಮಾನತೆಯ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದೆ. ಅವರು ಮುಖ ಬೀದಿಯ ಕಡೆ ತಿರುಗಿಸಿಕೊಂಡು ಪೂರ್ತಿ ಕೇಳಿ, "ನಿಮ್ಮ ಕನ್ನಡ ರೇಡಿಯೋದ್ದು ಇದ್ದಾಂಗ ಐತಿ. ಬಂದ್ ಮಾಡೂ ಗುಂಡಿ ಎಲ್ಲಿ ಐತ್ರಿ?" ಎಂದರು.

ಹಾಗೆ ಮುಖ ತಿರುಗಿಸುವುದು ಅವರ ರೂಢಿ. ನಾನು ವಾದಕ್ಕೆ ನಿಂತ ಕೂಡಲೇ ಅವರ ಕಣ್ಣು ರಸ್ತೆಗೋ ಗೋಡೆಗೋ ಹೋಗುತ್ತಿತ್ತು. ಎದುರಾಳಿಯನ್ನು ಕೆಣಕಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ನಾನು ದನಿ ಏರಿಸುತ್ತಿದ್ದೆ. ಅವರು ಅಷ್ಟೇ ತಣ್ಣಗೆ ಗೋಡೆ ನೋಡುತ್ತಿದ್ದರು.

ಅವರ ಮನೆಯೊಳಗೆ ಮೊದಲ ಸಲ ಕಾಲಿಟ್ಟಾಗ ನನಗೆ ನಗು ತಡೆಯಲಾಗಲಿಲ್ಲ. ಮೇಜಿನ ನಾಲ್ಕೂ ಮೂಲೆಗಳಿಗೆ ಹಳೆಯ ಸೀರೆಯ ಚೂರು ಸುತ್ತಿ ದಾರ ಬಿಗಿದಿದ್ದರು. ಮಂಚದ ಕಾಲಿಗೂ ಪಟ್ಟಿ. ಬಾಗಿಲು ಪೂರ್ತಿ ಮುಚ್ಚಿ ಮಕ್ಕಳ ಬೆರಳು ಸಿಗಬಾರದೆಂದು ಹಿಡಿಕೆಯಿಂದ ಹಿಡಿಕೆಗೆ ಮಡಚಿದ ಟವೆಲು. ಕೈಗೆಟುಕುವ ಪ್ಲಗ್ಗಿನ ತೂತುಗಳ ಮೇಲೆಲ್ಲ ಗಾಯಕ್ಕೆ ಹಾಕುವ ಬಿಳಿ ಪಟ್ಟಿ. ಇದೆಲ್ಲ ಭಾನುವಾರ ಬರುವ ಮೊಮ್ಮಕ್ಕಳಿಗಾಗಿ.

"ಕಾಕು, ನಿಮ್ಮ ಟೇಬಲ್‌ಗೆ ಯಾವಾಗ ಡಿಸ್ಚಾರ್ಜು?" ಎಂದೆ.

"ನಿಮ್ಮ ಮಗಳಿಗೆ ಬುದ್ಧಿ ಬಂದ ದಿನ. ಅಪ್ಪನ್ನ ನೋಡಿದ್ರ ಭಾಳ ಟೈಮ್ ಹಿಡಿತೈತಿ ಅನಸ್ತೈತಿ."

ಅಷ್ಟು ಹೆದರುವವರನ್ನು ನಾನು ಕಂಡಿರಲಿಲ್ಲ. ಮಗು ಮೆಟ್ಟಿಲಿಳಿಯುವಾಗ ಕಾಕು ಕೆಳಗಡೆ ಎರಡೂ ಕೈ ಚಾಚಿ ನಿಂತಿರುತ್ತಿದ್ದರು. ಅವಳು ದ್ರಾಕ್ಷಿ ತಿನ್ನುವಾಗ ಬಾಯನ್ನೇ ನೋಡುತ್ತಿದ್ದರು. ಬೀದಿಯಲ್ಲಿ ಯಾವ ಮಗು ಅತ್ತರೂ ಮೊದಲು ಹೊರಬರುವುದು ಅವರ ತಲೆ. ನನ್ನ ಸಿದ್ಧಾಂತ ಬೇರೆ ಇತ್ತು. ಮಕ್ಕಳು ಬೀಳಬೇಕು; ಸಣ್ಣದಾಗಿ ಬಿದ್ದವರಿಗೆ ದೊಡ್ಡದಾಗಿ ಬೀಳದಿರುವುದು ಗೊತ್ತಾಗುತ್ತದೆ. ಇಂಚರಳೂ ಈ ಸಿದ್ಧಾಂತಕ್ಕೆ ಧಾರಾಳವಾಗಿ ಪುರಾವೆ ಒದಗಿಸುತ್ತಿದ್ದಳು. ಒಂದು ದಿನ ಮೊಣಕಾಲು, ಒಂದು ದಿನ ತುಟಿ, ಇನ್ನೊಂದು ದಿನ ಡ್ರಾಯರಿನಲ್ಲಿ ಸಿಕ್ಕ ಬೆರಳು. ಹಣೆಯ ಮೇಲೆ ಲಿಂಬೆಹಣ್ಣಿನಷ್ಟು ಊತ ಬಂದ ದಿನ ಕಾಕು ಬಟ್ಟೆಯಲ್ಲಿ ಐಸು ಕಟ್ಟಿಕೊಂಡು ಬಂದರು. ಅದನ್ನು ಒಪ್ಪಿದೆ. ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದರು. ಅದನ್ನು ಒಪ್ಪಲಿಲ್ಲ.

"ಹಣೆಗೆ ಪೆಟ್ಟು ಬಿದ್ದರೆ ಸಕ್ಕರೆಯಿಂದ ಏನಾಗುತ್ತೆ ಕಾಕು?"

"ಬಾಯಿ ಸಿಹಿ ಆಗ್ತೈತಿ."

"ಅದು ನೋವಿಗೆ ಔಷಧ ಹೇಗಾಯ್ತು?"

"ಔಷಧ ಅಂತ ಯಾರ ಅಂದ್ರು? ಸಕ್ಕರಿ ಅಂದೆ."

ಇದರಲ್ಲಿ ವಾದ ಎಲ್ಲಿ ಹಿಡಿಯಬೇಕು, ಹೇಳಿ.

ಆದರೆ ನಮ್ಮ ದೊಡ್ಡ ಜಗಳ ನೆಲದ್ದು. ಮಗು ಎಡವಿ ಬಿದ್ದ ಕೂಡಲೇ ಕಾಕು ಓಡಿಬಂದು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು, ತಲೆ ತಗ್ಗಿಸಿ, ಅಂಗೈಯಿಂದ ನೆಲಕ್ಕೆ ಬಾರಿಸುತ್ತಿದ್ದರು. "ನಮ್ಮ ಇಂಚೂನ ಬೀಳಸ್ತಿ? ಹಾಂ? ಬೀಳಸ್ತಿ? ತಗೋ! ಇನ್ನೊಂದ ತಗೋ!" ಇಂಚರ ಅಳು ಅರ್ಧಕ್ಕೆ ನಿಲ್ಲಿಸಿ, ಮೂಗು ಸುರಿಸಿಕೊಂಡೇ ತಾನೂ ನಾಲ್ಕು ಬಾರಿಸಿ, ಎದ್ದು ಹೋಗುತ್ತಿದ್ದಳು. ನಮ್ಮ ಕಡೆಯೂ ಅಜ್ಜಿಯರು ಹೀಗೆ ಮಾಡುತ್ತಾರೆ. ಎರಡು ಸಲ ತಟ್ಟಿ ಸುಮ್ಮನಾಗುತ್ತಾರೆ. ಕಾಕು ಆಟಕ್ಕೆ ಹೊಡೆಯುವವರಂತೆ ಹೊಡೆಯುತ್ತಿರಲಿಲ್ಲ. ಕೆಳಗಿನ ಮನೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದಾರೆ ಎನ್ನಿಸುವಷ್ಟು ಸದ್ದು ಮೇಲಿನವರೆಗೆ ಬರುತ್ತಿತ್ತು.

"ನೆಲ ಏನು ತಪ್ಪು ಮಾಡಿದೆ ಕಾಕು? ನೋಡದೆ ಓಡಿದ್ದು ಇವಳು. ತನ್ನ ತಪ್ಪನ್ನ ಬೇರೆಯವರ ಮೇಲೆ ಹಾಕೋದನ್ನ ಕಲಿಸ್ತಾ ಇದ್ದೀರಿ ನೀವು. ನಾಳೆ ಪರೀಕ್ಷೆಯಲ್ಲಿ ಫೇಲಾದರೆ ಪ್ರಶ್ನೆಪತ್ರಿಕೆಗೆ ಹೊಡೀತಾಳೆ."

"ಹೊಡೀಲಿ ಬಿಡ್ರಿ. ಮಾಸ್ತರಗ ಹೊಡೀದಿದ್ರ ಸಾಕು."

"ಕಲ್ಲಿಗೆ ನೋವಾಗುತ್ತಾ?"

"ಇದು ಶಹಾಬಾದ್ ಪರಸಿ, ನಮ್ಮೂರ ಕಲ್ಲು. ನಾ ಹೊಡದ್ರ ಮನಸಿಗೆ ಹಚ್ಚಿಕೊಳ್ಳೂದಿಲ್ಲ."

ನನ್ನ ಬಳಿ ಇನ್ನೊಂದು ಬಾಣವಿತ್ತು. ಮಗು ಬಿದ್ದ ತಕ್ಷಣ ಅಳುವುದಿಲ್ಲ. ಮೊದಲು ದೊಡ್ಡವರ ಮುಖ ನೋಡುತ್ತದೆ, ಆ ಮುಖದಲ್ಲಿ ಗಾಬರಿ ಕಂಡರೆ ಆಮೇಲೆ ಅಳುತ್ತದೆ. ಇದು ನಾನೇ ಗಮನಿಸಿದ್ದು. "ನೀವು ಹೆದರೋದರಿಂದಲೇ ಇವಳು ಅಳೋದು" ಎಂದು ಅದನ್ನು ಬಿಟ್ಟೆ. ಕಾಕು ಗೋಡೆಯ ಕಡೆ ಮುಖ ಮಾಡಿ ಕೇಳಿದರು. "ಅದಕ್ಕ ನಾ ಮುಖ ತೋರಸೂದಿಲ್ಲಲ್ರಿ. ನೆಲ ನೋಡ್ತೀನಿ" ಎಂದರು. ಇದು ಉತ್ತರವೋ ಜಾರಿಕೊಳ್ಳುವಿಕೆಯೋ ನನಗೆ ಆಗ ತಿಳಿಯಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ. ಗ್ಯಾಸ್ ಸಿಲಿಂಡರಿನವನು ಬಂದು ಹೋಗಿದ್ದ; ಗೇಟು ತೆರೆದೇ ಇತ್ತು. ಇಂಚರ ಅದರ ಅಡ್ಡಪಟ್ಟಿಯ ಮೇಲೆ ನಿಂತು ಅತ್ತ ಇತ್ತ ತೂಗುತ್ತಿದ್ದಳು. ನಾನು ಮೆಟ್ಟಿಲ ಅರ್ಧದಲ್ಲಿದ್ದೆ. ಅವಳು ನನ್ನನ್ನು ನೋಡಿ ಒಂದು ಕೈ ಬಿಟ್ಟು ಬೀಸಿದಳು. ಅಷ್ಟರಲ್ಲಿ ಗೇಟು ಕಂಬಕ್ಕೆ ಹೋಗಿ ಬಡಿಯಿತು, ಅವಳು ಹಿಂದಕ್ಕೆ ಹಾರಿಬಿದ್ದಳು. ತಲೆ ಕಲ್ಲಿಗೆ ತಾಗಿದ ಸದ್ದು ಕೇಳಿತು. ಅದನ್ನು ಯಾವ ಸದ್ದಿಗೂ ಹೋಲಿಸಲಾರೆ.

ಆಮೇಲೆ ಏನೂ ಕೇಳಲಿಲ್ಲ. ಅಳಲಿಲ್ಲ. ಬಾಯಿ ತೆರೆದಿತ್ತು, ಮುಖ ಕಪ್ಪಿಡುತ್ತಿತ್ತು, ಉಸಿರು ಒಳಕ್ಕೂ ಹೋಗದೆ ಹೊರಕ್ಕೂ ಬಾರದೆ ನಿಂತಿತ್ತು.

ಮೆಟ್ಟಿಲು ಹೇಗೆ ಇಳಿದೆನೋ. "ಹತ್ತಬೇಡ ಅಂತ ಎಷ್ಟು ಸಲ..." ಎನ್ನುತ್ತಿರುವುದು ನನ್ನದೇ ಗಂಟಲು. ಬಲಗೈ ಮೇಲೆದ್ದಿತ್ತು. ಮಗುವನ್ನು ಎತ್ತಿಕೊಳ್ಳಲು ಹೋಗುವ ಕೈ ಹಾಗಿರುವುದಿಲ್ಲ. ಅಷ್ಟರಲ್ಲಿ ಕಾಕು ಬಂದು ಮಗುವನ್ನು ಮಡಿಲಿಗೆ ಎಳೆದುಕೊಂಡು ನನಗೆ ಬೆನ್ನು ಮಾಡಿ ಕೂತಿದ್ದರು. ತಿರುಗಿ ನೋಡದೆ ಕೂಗಿದರು: "ನೆಲಕ್ಕ ಹೊಡೀರಿ ಮಾಸ್ತರ! ನೆಲಕ್ಕ!"

ನಾನು ಕೂತು ಹೊಡೆದೆ. ಬಿಸಿಲಿಗೆ ಕಾದ ಕಲ್ಲು. ಹೊಡೆದೆ, ಮತ್ತೆ ಹೊಡೆದೆ. ಅಂಗೈ ಉರಿಯಿತು, ಅದೂ ಬೇಕಾಗಿತ್ತು ಅನ್ನಿಸಿತು. ಇಂಚರ ಒಂದು ದೊಡ್ಡ ಉಸಿರೆಳೆದುಕೊಂಡು ಬೀದಿ ಹರಿಯುವಂತೆ ಕಿರುಚಿದಳು. ಅಷ್ಟು ಇಂಪಾದ ದನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವಳು ಮಧ್ಯಾಹ್ನ ತಿಂದಿದ್ದ ಮೊಸರನ್ನವನ್ನೆಲ್ಲ ಕಾಕುವಿನ ಸೀರೆಯ ಮೇಲೆ ಕಾರಿದಳು. ಕಾಕುವಿನ ಮುಖದ ಬಣ್ಣ ಹೋಯಿತು. ನನ್ನದು ಹೇಗಿತ್ತೋ ನೋಡಿದವರು ಹೇಳಬೇಕು.

ಆಟೋದವನು ದಾರಿಯುದ್ದಕ್ಕೂ ತೆಲುಗಿನಲ್ಲಿ "ಏಂ ಕಾದು ಸಾರ್, ಏಂ ಕಾದು" ಎನ್ನುತ್ತಿದ್ದ, ಏನೂ ಆಗಲ್ಲವಂತೆ. ಯಾವ ಆಧಾರದ ಮೇಲೆ ಹೇಳ್ತಾ ಇದ್ದೀಯ ಎಂದು ಕೇಳುವ ಅಭ್ಯಾಸ ನನ್ನದು. ಅವತ್ತು ಇನ್ನೊಂದು ಸಲ ಹೇಳಲಿ ಎಂದು ಕಾಯುತ್ತಿದ್ದೆ. ಕಾಕು ಒಂದು ಕೈಯಲ್ಲಿ ಮಗುವನ್ನು ಅಪ್ಪಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಅಂಗಿಯ ತುದಿ ಹಿಡಿದಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅವರು ಬರಿಗಾಲಲ್ಲಿ ಬಂದಿರುವುದು ಕಂಡಿತು.

ಡಾಕ್ಟರು ನನಗಿಂತ ಚಿಕ್ಕವನಿದ್ದಿರಬೇಕು. ಕಣ್ಣಿಗೆ ಬೆಳಕು ಬಿಟ್ಟು ನೋಡಿದ, ತಲೆ ತಡವಿದ, ನಡೆಸಿದ, ಒಂದು ಪೆನ್ನು ಕೊಟ್ಟು ಹಿಡಿಯಲು ಹೇಳಿದ. "ಬಹುತೇಕ ಏನೂ ಆಗಿಲ್ಲ. ಮಲಗಲಿ, ನಡುನಡುವೆ ಎಬ್ಬಿಸಿ ನಾಳೆಯವರೆಗೆ ನೋಡ್ತಾ ಇರಿ. ಮತ್ತೆ ವಾಂತಿಯಾದರೆ, ನಡೆಯೋವಾಗ ತೂರಾಡಿದರೆ, ನಿದ್ದೆಯಿಂದ ಎಬ್ಬಿಸಿದಾಗ ಸರಿಯಾಗಿ ಎಚ್ಚರ ಆಗದಿದ್ದರೆ ತಕ್ಷಣ ಕರ್ಕೊಂಡು ಬನ್ನಿ" ಎಂದ.

"ಬಹುತೇಕ ಅಂದರೆ?" ಎಂದೆ.

"ಬಹುತೇಕ ಅಂದರೆ ಬಹುತೇಕ ಸಾರ್."

ಎಲ್ಲ, ಕೆಲವು, ಬಹುತೇಕ. ಇವುಗಳ ಮೇಲೇ ನನ್ನ ಸಂಸಾರ ನಡೆಯುತ್ತಿತ್ತು. 'ಬಹುತೇಕ'ದಿಂದ 'ಎಲ್ಲ' ಹೊರಡುವುದಿಲ್ಲ ಎಂದು ಪ್ರತಿ ಬ್ಯಾಚಿಗೂ ಹಲಗೆಯ ಮೇಲೆ ವೃತ್ತ ಬರೆದು ತೋರಿಸಿದ್ದೆ. ಒಂದು ವೃತ್ತ ಇನ್ನೊಂದರಿಂದ ಚೂರು ಹೊರಗುಳಿಯುತ್ತದೆ. ಆ ಚೂರಿಗೆ ಗೆರೆ ಎಳೆದು ಕಪ್ಪು ಮಾಡುತ್ತಿದ್ದೆ. ಮನೆಗೆ ಬರುವ ಆಟೋದಲ್ಲಿ ನನ್ನ ಕಣ್ಣ ಮುಂದೆ ಆ ಚೂರು ಬಿಟ್ಟು ಬೇರೇನೂ ಇರಲಿಲ್ಲ.

ಶುಭಾಳಿಗೆ ಫೋನು ಮಾಡಿದೆ. ಅವಳು ಹೊರಟಿದ್ದಳು, ಊರಿನ ಆ ತುದಿಯಿಂದ ಈ ತುದಿಗೆ ಟ್ರಾಫಿಕ್ ದಾಟಿ ಬರಬೇಕು. ಮನೆಯಲ್ಲಿ ಇಂಚರಳ ಕಣ್ಣು ಎಳೆಯುತ್ತಿತ್ತು. ಅದು ಅವಳ ದಿನದ ನಿದ್ದೆಯ ಹೊತ್ತು. ನಾನು ಚಾಪೆ ಹಾಸಿದೆ.

"ಮಲಗಸಬ್ಯಾಡ್ರಿ!" ಕಾಕು ಚಾಪೆಯನ್ನು ಕಾಲಲ್ಲಿ ಸರಿಸಿದರು. "ತಲಿಗೆ ಪೆಟ್ಟ ಬಿದ್ದ ಕೂಸು ಮಲಗಿದ್ರ ಏಳೂದಿಲ್ಲ."

"ಮಲಗಬಹುದು ಅಂತ ಡಾಕ್ಟರೇ ಹೇಳಿದ್ದಾರೆ. ನಡುನಡುವೆ ಎಬ್ಬಿಸಿ ನೋಡಿ ಅಂದರು. ನಿಮ್ಮ ಎದುರಿಗೇ ಅಂದದ್ದು."

"ಆ ಹುಡುಗ ಡಾಕ್ಟರಗ ಏನ ಗೊತ್ರಿ? ಅವಂಗ ಮಕ್ಕಳ ಅದಾವೇನು?"

"ಮಕ್ಕಳಿದ್ದರೆ ಮಾತ್ರ ಮೆದುಳಿನ ವಿಷಯ ಗೊತ್ತಾಗುತ್ತಾ? ಹಾಗಿದ್ದರೆ ಬೀದಿಯಲ್ಲಿ ಇರೋರೆಲ್ಲ ಡಾಕ್ಟರುಗಳೇ. ಅಷ್ಟು ಸುಸ್ತಾಗಿರೋ ಮಗುವನ್ನ ಮಲಗಿಸದೆ ಅಳಿಸಿದರೆ, ಅದು ಪೆಟ್ಟಿನಿಂದ ಅಳ್ತಾ ಇದೆಯೋ ನಿದ್ದೆಗೆ ಅಳ್ತಾ ಇದೆಯೋ ಹೇಗೆ ಗೊತ್ತಾಗಬೇಕು ನಮಗೆ?"

ಮಗುವಿನ ತಲೆಯ ಮೇಲೆ, ಪಿಸುಮಾತಿನಲ್ಲೇ, ಜೀವ ಹೋಗುವಂತೆ ಜಗಳವಾಡಿದೆವು. ಕೊನೆಗೆ ಕಾಕು ಚಾಪೆಯಿಂದ ಹಿಂದೆ ಸರಿದರು. ನಾನು ಗೆದ್ದೆ. ನನ್ನ ಮಾತೇ ಸರಿ ಇತ್ತು, ಈಗಲೂ ಹಾಗೇ ಹೇಳುತ್ತೇನೆ. ಆದರೆ ಹಿಂದೆಲ್ಲ ವಾದ ಗೆದ್ದರೆ ಒಂದು ಕಪ್ ಸಿಗುತ್ತಿತ್ತು. ಇಲ್ಲಿ ಗೆದ್ದ ವಾದದ ಪಕ್ಕ ಮಗು ಕಣ್ಣು ಮುಚ್ಚಿ ಮಲಗಿತ್ತು. ಅದು ಏಳದಿದ್ದರೆ, ಮಲಗಿಸಿದವನು ನಾನು.

ಕರೆಂಟು ಹೋಗಿತ್ತು. ಫ್ಯಾನು ನಿಂತ ಕೋಣೆಯಲ್ಲಿ ನಾನು ಅವಳ ಹೊಟ್ಟೆ ಏರಿಳಿಯುವುದನ್ನು ನೋಡುತ್ತ ಕೂತೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅಷ್ಟು ಬಿಡುವು ಇರುತ್ತದೆಂದು ಅದುವರೆಗೆ ಗೊತ್ತಿರಲಿಲ್ಲ. ಕಾಕು ಚಾಪೆಯ ಆಚೆ ಬದಿಗೆ ಕೂತಿದ್ದವರು ಎದ್ದು ಈಚೆ ಬಂದರು, ಬಗ್ಗಿ, ಮುಖ ಗೋಡೆಯ ಕಡೆ ತಿರುಗಿಸಿದರು. ಈಗಲೂ ಗೋಡೆ ನೋಡುತ್ತಾರಲ್ಲ ಎಂದು ನನಗೆ ರೇಗಿತು.

"ಮಗು ಇಲ್ಲಿದೆ ಕಾಕು. ಗೋಡೇಲಿ ಏನಿದೆ?"

"ಉಸರ ಕೇಳಾಕತ್ತೀನಿ" ಎಂದರು. "ಎಡಗಿವಿ ಕೇಳಸೂದಿಲ್ಲ ನನಗ. ಬಲಗಿವಿ ಕೊಡಬೇಕಂದ್ರ ಮುಖ ಆಕಡೆ ಹೋಗ್ತೈತಿ."

ಇಷ್ಟು ದಿನ ನನ್ನ ಒಂದೊಂದು ಮಾತಿಗೂ ಅವರು ಕೊಟ್ಟಿದ್ದು ಅಸಡ್ಡೆಯಲ್ಲ, ಕೇಳುವ ಕಿವಿ.

ಅವರೇ ಹೇಳಿದರು. ಚಿಕ್ಕವರಿದ್ದಾಗ ಊರಲ್ಲಿ ಮನೆಯ ಮುಂದಿನ ಕಟ್ಟೆಯಿಂದ ಬಿದ್ದರಂತೆ. "ಅವ್ವ ಒಳಗಿಂದ ಓಡಿ ಬಂದ್ಲು. ಎತ್ತಿಕೊಳ್ಳೂಕಿಂತ ಮೊದ್ಲ ಹೊಡದ್ಲು. ಕಪಾಳಕ್ಕ. ಬೀಳಬ್ಯಾಡ ಅಂದಿದ್ದಿಲ್ಲೇನು ಅಂತ ಅಳಕೋತ ಹೊಡದ್ಲು. ಸಿಟ್ಟಲ್ರಿ ಅದು, ಅಂಜಿಕಿ. ಆಕಿ ಮುಖ ನನಗ ಇನ್ನೂ ಕಾಣತೈತಿ. ನನಗಿಂತ ಜಾಸ್ತಿ ಆಕೀನ ಅಂಜಿದ್ಲು. ಆವತ್ತಿಂದ ಈ ಕಿವಿ ಹೋತು."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಬಿದ್ದದ್ದರಿಂದಲೇ ಹೋಗಿರಬಹುದಲ್ಲ ಕಾಕು? ಹೊಡೆದದ್ದರಿಂದ ಅಂತ ಹೇಗೆ ಹೇಳ್ತೀರಿ?"

ಅವರಿಗೆ ಬೇಜಾರಾಗಲಿಲ್ಲ. "ಅವ್ವನೂ ಸಾಯೂತನಕ ಅದನ್ನ ಕೇಳಿದ್ಲು. ಬಿದ್ದಾಗ ಹೋತೋ, ನಾ ಹೊಡದಾಗ ಹೋತೋ. ಯಾರ ಹೇಳಬೇಕ್ರಿ? ಆಮ್ಯಾಲೆ ನನ್ನ ತಮ್ಮ, ತಂಗಿ ಬಿದ್ರ ಓಡಿ ಬಂದು ಮೊದ್ಲ ನೆಲಕ್ಕ ಹೊಡೀತಿದ್ಲು. ಅಂಗೈ ಕೆಂಪ ಆಗೂಮಟ. ನಾವು ನಗತಿದ್ವಿ." ತಮ್ಮ ಅಂಗೈ ನೋಡಿಕೊಂಡರು. "ಕೂಸು ಬಿತ್ತಂದ್ರ ಕೈ ತಾನ ಏಳತೈತಿ ಮಾಸ್ತರ. ಯಾರ ಕೈಯಾದ್ರೂ. ಅದು ಎಲ್ಲಿ ಹೋಗಿ ಬೀಳಬೇಕು ಅನ್ನೂದು ಅಷ್ಟ ನೋಡಿಕೊಬೇಕು."

ಮೇಲೆದ್ದ ನನ್ನ ಕೈಯನ್ನು ಅವರು ನೋಡಿದ್ದರೋ ಇಲ್ಲವೋ ನಾನು ಕೇಳಲಿಲ್ಲ. ಅವರು ಹೇಳಲೂ ಇಲ್ಲ.

ಎಬ್ಬಿಸುವ ಹೊತ್ತು ಬಂತು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಅಲ್ಲಾಡಲಿಲ್ಲ.

"ನೀವ ಎಬ್ಬಸ್ರಿ" ಎಂದರು ಕಾಕು.

"ನೀವೇ ಎಬ್ಬಿಸಿ."

"ಮಲಗಿಸಿದವರು ಯಾರು?"

ಕರೆದೆ. ಏಳಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದೆ. ತಲೆ ಒಂದು ಕಡೆಗೆ ವಾಲಿತು, ಅಷ್ಟೇ. "ಇಂಚೂ, ಏ ಇಂಚೂ" ಎಂದು ಕಾಕು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಮತ್ತೆ ಅಲ್ಲಾಡಿಸಿದೆ. ಇಂಚರ ಹುಬ್ಬು ಗಂಟಿಕ್ಕಿ, ಒಂದು ಕಣ್ಣು ತೆರೆದು, ಕಾಕುವನ್ನು ನೋಡಿ ಸಿಟ್ಟಿನಿಂದ ಹೇಳಿದಳು:

"ನೆಲ ಅಲ್ಲ ಕಾಕು."

"ಏನ ನನ್ನವ್ವಾ?"

"ನೆಲ ಬೀಳಿಸಿಲ್ಲ ನನ್ನ. ಗೇಟು ಬೀಳಿಸಿದ್ದು. ಪಪ್ಪ ಸುಮ್‌ಸುಮ್ನೆ ನೆಲಕ್ಕೆ ಹೊಡೆದ."

ಕಾಕು ಸೆರಗು ಬಾಯಿಗೊತ್ತಿಕೊಂಡು ನಕ್ಕರು, ಅತ್ತರು, ಯಾವುದು ಮೊದಲೋ ಹೇಳಲಾರೆ. "ತಲಿ ಸರಿ ಐತ್ರಿ ಮಾಸ್ತರ! ನಿಮ್ಮ ತಲೀನ ಐತಿ, ಕೆಟ್ಟಿಲ್ಲ!" ಎನ್ನುತ್ತಲೇ ಎದ್ದು ಮೆಟ್ಟಿಲಿಳಿದರು. ಮರುಕ್ಷಣ ಕಬ್ಬಿಣದ ಗೇಟಿಗೆ ಏಟು ಬೀಳುವ ಸದ್ದು ಕೇಳಿತು. "ನೀನೇನ? ನೀನ ಬೀಳಿಸಿದ್ದೇನ? ತಗೋ!" ಇಂಚರ ಕಿಟಕಿಯಲ್ಲಿ ನಿಂತು ಇನ್ನೂ ಹೊಡಿ, ಇನ್ನೂ ಹೊಡಿ ಎಂದು ತೀರ್ಪು ಕೊಡುತ್ತಿದ್ದಳು. ಕ್ಯಾಬಿನಿಂದ ಓಡುತ್ತ ಇಳಿದ ಶುಭಾ ಮೊದಲು ಕಂಡದ್ದು ಬರಿಗಾಲಲ್ಲಿ ಗೇಟಿಗೆ ಬಾರಿಸುತ್ತಿರುವ ಕಾಕುವನ್ನು. ಮನೆಯಲ್ಲಿ ಏನೋ ಆಗಬಾರದ್ದು ಆಗಿಹೋಗಿದೆ ಎಂದು ಅವಳು ಅಲ್ಲೇ ಕುಸಿದು ಕೂತಳಂತೆ.

ಮರುದಿನವೂ ಇಂಚರ ಚೆನ್ನಾಗಿಯೇ ಇದ್ದಳು. ಆ ಮರುದಿನ ಗೇಟು ಹತ್ತಿದಳು.

ಕಾಕಾ ನಿವೃತ್ತರಾದ ಮೇಲೆ ಅವರು ಕಲಬುರಗಿಗೆ ಹೋದರು. ಸಾಮಾನು ಕಟ್ಟುವ ದಿನ ಕಾಕು ತಮ್ಮ ಮೇಜಿನ ಮೂಲೆಗಳ ಸೀರೆಯ ಚೂರುಗಳನ್ನು ಬಿಚ್ಚಿ, ಮೇಲೆ ಬಂದು, ಕೇಳದೆಯೇ ನಮ್ಮ ಮೇಜಿಗೆ ಸುತ್ತಿದರು. ಶುಭಾಳಿಗೆ ಆಗ ಏಳು ತಿಂಗಳು. "ಡಿಸ್ಚಾರ್ಜ್ ಆತ್ರಿ ನಮ್ಮ ಟೇಬಲ್ಲಿಗೆ. ಇನ್ನ ನಿಮ್ಮದು ಅಡ್ಮಿಟ್" ಎಂದರು. ದಾರದ ಗಂಟು ಗಟ್ಟಿ ಇದೆಯೋ ಇಲ್ಲವೋ ನಾನೇ ಎಳೆದು ನೋಡಿದೆ.

ನಾವು ಇನ್ನೂ ಅದೇ ಮನೆಯಲ್ಲಿದ್ದೇವೆ. ಈಗ ಮಗನಿಗೆ ಎರಡು ದಾಟಿದೆ, ಬೀಳದ ದಿನವಿಲ್ಲ. ನನ್ನ ಅಭಿಪ್ರಾಯಗಳು ಎಲ್ಲಿದ್ದವೋ ಅಲ್ಲೇ ಇವೆ. ನೆಲದ ತಪ್ಪೇನೂ ಇಲ್ಲ. ಸಕ್ಕರೆ ಔಷಧವಲ್ಲ. ಮಕ್ಕಳು ಬೀಳಬೇಕು. ಯಾರು ಬೇಕಾದರೂ ವಾದಕ್ಕೆ ಬರಲಿ. ಆದರೆ ಅವನು ಬಿದ್ದಾಗ ನಾನು ಓಡಿಹೋಗಿ ಕುಕ್ಕರಗಾಲಲ್ಲಿ ಕೂತು, ತಲೆ ತಗ್ಗಿಸಿ, ಕಲ್ಲಿಗೆ ಬಾರಿಸುತ್ತೇನೆ. ಆಟಕ್ಕಲ್ಲ. ಇಂಚರ ಶಾಲೆಯ ಚೀಲ ಹೊತ್ತುಕೊಂಡೇ ನಿಂತು, "ನೆಲ ಏನು ಮಾಡಿತು ಪಪ್ಪಾ? ಅವನೇ ನೋಡದೆ ಓಡಿದ್ದು" ಎನ್ನುತ್ತಾಳೆ. ನಾನು ಇನ್ನೊಂದು ಬಾರಿಸುತ್ತೇನೆ.

ಹೋದ ವಾರ ಕಾಕಾ ಫೋನು ಮಾಡಿದ್ದರು. ಕಾಕು ಎದೆ ನೋವು ಅಂದರಂತೆ, ಕೂತರಂತೆ, ಅಷ್ಟೇ. ನನಗೆ ಕೇಳಬೇಕೆನಿಸಿದ್ದು ಒಂದೇ ಪ್ರಶ್ನೆ. ಅದನ್ನು ಕೇಳುವ ಮೊದಲೇ ಕಾಕಾ ಹೇಳಿದರು: "ಅಂಜಲಿಲ್ರಿ ಮಾಸ್ತರ. ಜನ್ಮ ಪೂರ್ತಿ ಅಂಜಿದಾಕಿಗೆ ಆವತ್ತ ಅಂಜಾಕ ಟೈಮ ಸಿಗಲಿಲ್ಲ."

ಫೋನು ಜೇಬಿಗಿಟ್ಟುಕೊಂಡು ಕೆಳಗಿಳಿದೆ. ಗೇಟಿನ ಹತ್ತಿರ, ಇಂಚರ ಬಿದ್ದಿದ್ದ ಜಾಗದಲ್ಲಿ ಕೂತೆ. ಇಲ್ಲಿ ವಾದಿಸಲು ಎದುರಿಗೆ ಯಾರೂ ಇರಲಿಲ್ಲ. ಕೈ ತಾನಾಗಿ ಎದ್ದಿತು. ಕಲ್ಲಿನ ಮೇಲೆ ಬಿತ್ತು. ಮತ್ತೆ ಎದ್ದಿತು.

ಸದ್ದಿಗೆ ಮಗ ಓಡಿ ಬಂದ. "ಪಪ್ಪಾ, ಬಿದ್ಯಾ?"

"ಹೂಂ" ಎಂದೆ.

ಅವನು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಪುಟ್ಟ ಅಂಗೈಯಿಂದ ಶಹಾಬಾದ್ ಕಲ್ಲಿಗೆ ಬಾರಿಸಿದ. "ತಗೋ! ಇನ್ನೊಂದ ತಗೋ!" ಆಮೇಲೆ, ಸರಿಹೋಯಿತೇ ಎಂದು ನನ್ನ ಮುಖ ನೋಡಲು ಬಗ್ಗಿದ.

ನಾನು ನೆಲ ನೋಡುತ್ತಿದ್ದೆ.